ನೀಲಿ ಕೋಟಿನ ಕೆಲಸ

ಬೆಳೆದ ಹುಡುಗಿಯೊಬ್ಬಳು ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲು ಮನೆಯವರ ಕಣ್ಣು ಅವಳ ತಟ್ಟೆಯ ಮೇಲೆ ಬೀಳುತ್ತದೆ. ಆಮೇಲೆ ಅವಳ ಫೋನಿನ ಮೇಲೆ. ಅಷ್ಟರಲ್ಲಿ ಅಕ್ಕಪಕ್ಕದವರು ಅವಳ ಮದುವೆಯ ಮಾತು ಎತ್ತಿರುತ್ತಾರೆ.

ಟೈಲರಕ್ಕನ ನಾದಿನಿಯ ಮಗಳ ಗತಿಯೂ ಹೀಗೇ ಆಗಿತ್ತು. ಬೀದಿಯವರು ಅವಳಿಗೆ ಇಟ್ಟ ಹೆಸರು ರೇಡಿಯೊ. ಎದ್ದಾಗ ಬಾಯಿ ತೆರೆದರೆ ಮಲಗುವವರೆಗೂ ಮುಚ್ಚುವವಳಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಆ ಅಂಗಡಿ ಮುಚ್ಚಿತು. ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಅವಳು ಡ್ಯೂಟಿಗೆ ಹೋದಮೇಲೆ ರೇಡಿಯೊ ಸೋದರಮಾವನ ಮನೆಗೆ ಬಂದು, ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತ, ಇಸ್ತ್ರಿ ಮಾಡುತ್ತ, ಲೋಕದ ಸುದ್ದಿಯನ್ನೆಲ್ಲ ಪ್ರಸಾರ ಮಾಡುತ್ತ ಕಾಲ ತಳ್ಳುತ್ತಿದ್ದಳು.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಅಗಲ ಮೇಜು, ಮೂಲೆಯಲ್ಲಿ ಅಳತೆ ತೆಗೆಯಲು ಒಂದು ಪರದೆ. ಟೈಲರಕ್ಕನ ಕೊರಳಲ್ಲಿ ಅಳತೆಪಟ್ಟಿ ಯಾವಾಗಲೂ ಇಳಿಬಿದ್ದಿರುತ್ತಿತ್ತು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಆ ಬೀದಿಯ ಹೆಂಗಸರಲ್ಲಿ ಅವಳಿಗೆ ಮೈಯಳತೆ ಕೊಡದವರಿರಲಿಲ್ಲ. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರು ಬಸುರಿ ಎಂಬುದು ಅವಳಿಗೆ ಗಂಡಂದಿರಿಗಿಂತ ಮೊದಲೇ ಗೊತ್ತು. ಗೊತ್ತಾದದ್ದನ್ನು ಹೊರಗೆ ಆಡುವವಳಲ್ಲ. ಅದಕ್ಕೇ ಬೀದಿ ಅವಳನ್ನು ನಂಬಿತ್ತು.

ಆ ನಂಬಿಕೆಯನ್ನು ಹುಡುಕಿಕೊಂಡೇ ಒಬ್ಬ ಬಂದ.

ಅವನು ಹುಡುಗಿಯರನ್ನು ಕೇಳಿಕೊಂಡು ಬಂದವನಲ್ಲ. ಟೈಲರನ್ನು ಕೇಳಿಕೊಂಡು ಬಂದವನು. ಇಸ್ತ್ರಿ ಮುರಿಯದ ಅಂಗಿ, ಮೆಲುದನಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಹೆಂಗಸರ ಮುಖ ನೋಡಿ ಮಾತಾಡುತ್ತಿರಲಿಲ್ಲ, ನೆಲ ನೋಡಿ ಮಾತಾಡುತ್ತಿದ್ದ. ತಾನು ದೊಡ್ಡ ಕಂಪನಿಯೊಂದರ ಮ್ಯಾನೇಜರ್ ಎಂದ. ದೂರದ ಸಮುದ್ರದೂರಿನಲ್ಲಿ ಹೊಸ ಹೋಟೆಲು ತೆರೆಯುತ್ತಿದೆ, ಅಲ್ಲಿನ ಕೆಲಸದ ಹುಡುಗಿಯರಿಗೆ ನೀಲಿ ಕೋಟು ಹೊಲಿಸಬೇಕು, ಒಳ್ಳೆಯ ಕೈ ನಿಮ್ಮದೇ ಎಂದು ಕೇಳಿಬಂದೆ ಎಂದ. ಬಟ್ಟೆಯ ಗಂಟು ಇಳಿಸಿದ, ಒಂದಷ್ಟು ಮುಂಗಡ ಕೊಟ್ಟ, ನೀರು ಕುಡಿದು ಹೋದ.

ಸುದ್ದಿ ಹಬ್ಬಲು ರೇಡಿಯೊ ಒಬ್ಬಳೇ ಸಾಕಾಗಿತ್ತು. ಅವನು ಮತ್ತೆ ಬಂದಾಗ ಹುಡುಗಿಯರೇ ಕಾಯುತ್ತಿದ್ದರು. ಅವನು ಯಾರನ್ನೂ ಬಾ ಎನ್ನಲಿಲ್ಲ. ಬದಲಿಗೆ ಇಬ್ಬರನ್ನು ಬೇಡವೆಂದ. ಒಬ್ಬಳು ಇನ್ನೂ ಚಿಕ್ಕವಳು, ಓದಲಿ ಎಂದ. ಇನ್ನೊಬ್ಬಳಿಗೆ ಮನೆಯವರ ಒಪ್ಪಿಗೆ ತಾ ಎಂದ. ಬೇಡವೆಂದ ಮೇಲೆ ಅವನ ಬೆಲೆ ಇನ್ನೂ ಏರಿತು. ಎಂಥ ನಿಯತ್ತಿನ ಮನುಷ್ಯ ಎಂದು ಬೀದಿ ಕೊಂಡಾಡಿತು. ಒಪ್ಪಿಗೆಯಾದ ಹುಡುಗಿಯರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಭುಜ, ಎದೆ, ಸೊಂಟ, ತೋಳು ಅಳೆಸಿಕೊಂಡು ಬಂದರು. ಹೋಗುವಾಗ ಬರೀ ಹುಡುಗಿಯರು, ಹೊರಗೆ ಬರುವಾಗ ಕೆಲಸ ಸಿಕ್ಕವರು. ಟೈಲರಕ್ಕ ಅಳತೆ ತಗೊಂಡಿದ್ದಾಳೆ ಅಂದಮೇಲೆ ಇನ್ನೇನು ಎಂದು ಮನೆಮನೆಯಲ್ಲೂ ಬಟ್ಟೆ ಜೋಡಿಸತೊಡಗಿದರು. ರೇಡಿಯೊಳ ತಾಯಿಯೂ ಹೊಸ ಚೀಲ ತಂದಳು. ಬರುವ ಶನಿವಾರ ಹೊರಡುವುದೆಂದಾಯಿತು.

ಒಂದೇ ಒಂದು ವಿಷಯ ಟೈಲರಕ್ಕನಿಗೆ ಸರಿಕಾಣಲಿಲ್ಲ. ಕೋಟು ಮೈಗೆ ಅಂಟಿದ ಹಾಗಿರಲಿ ಎಂದಿದ್ದ ಮ್ಯಾನೇಜರ್. ಹಾಸಿಗೆ ಹಾಸುವವರು, ಕಿಟಕಿ ಒರೆಸುವವರು ಕೈ ಎತ್ತಬೇಕಲ್ಲ ಸಾರ್, ಕಂಕುಳಲ್ಲಿ ಸಡಿಲ ಬಿಡದಿದ್ದರೆ ಹೇಗೆ ಎಂದು ಅವಳು ಕೇಳಿದ್ದಳು. ದೊಡ್ಡ ಹೋಟೆಲಿನವರಿಗೆ ನೋಟ ಮುಖ್ಯ ಎಂದ. ಗಿರಾಕಿ ಹೇಳಿದಂತೆ ಹೊಲಿಯುವುದು ತನ್ನ ಕೆಲಸ ಎಂದು ಅವಳು ಸುಮ್ಮನಾದಳು.

ಅವಳ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವಳು ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದ ಸಂಶೋಧಕಿ. ಹೆಣ್ಣುಮಕ್ಕಳನ್ನು ಸಾಗಿಸಿ ಮಾರುವುದು, ವೇಶ್ಯಾವಾಟಿಕೆಗೆ ತಳ್ಳುವುದು, ಇವೆಲ್ಲ ಹೇಗೆ ನಡೆಯುತ್ತವೆ ಎಂಬುದು ಅವಳ ಸಂಶೋಧನೆಯ ವಿಷಯ. ಲಾರಿ ನಿಲ್ದಾಣದ ಹಿಂದಿನ ಗಲ್ಲಿಗೆ ಹೋಗಿ ಅಲ್ಲಿನ ಹೆಂಗಸರ ಜೊತೆ ಕೂತು ಮಾತಾಡಿ ಬರುತ್ತಿದ್ದಳು. ಕಂಡವರನ್ನೆಲ್ಲ ಪ್ರಶ್ನೆ ಕೇಳುತ್ತಿದ್ದುದರಿಂದ ಬೀದಿಯಲ್ಲಿ ಅವಳು ಪ್ರಶ್ನೆ ಮೇಡಂ. ಒಮ್ಮೆ ಸ್ವಸಹಾಯ ಸಂಘದ ಸಭೆಯಲ್ಲಿ ಭಾಷಣ ಮಾಡಿದ್ದಳು. ‘ಪಿತೃಪ್ರಧಾನ ವ್ಯವಸ್ಥೆ’ ಎಂಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಸಭೆ ಆಕಳಿಸುತ್ತಿತ್ತು. ಬೆನ್ನ ಹಿಂದೆ ಹೆಂಗಸರು ಆಡಿಕೊಳ್ಳುತ್ತಿದ್ದರು. ಮರ್ಯಾದಸ್ಥರ ಮನೆಯ ಹುಡುಗಿ ಆ ಗಲ್ಲಿಗೆ ಕಾಲಿಡುವುದುಂಟೇ? ಅಲ್ಲಿರುವವರು ತಾವಾಗಿ ಹೋಗಿ ಹಾಳಾದವರು, ಅವರ ಹತ್ತಿರ ಕೇಳುವುದೇನಿದೆ? ಟೈಲರಕ್ಕನೂ ಈ ಮಾತಿಗೆ ತಲೆಯಾಡಿಸಿದವಳೇ.

ಒಂದು ಮಧ್ಯಾಹ್ನ ಮೇಡಂ ತನ್ನ ಚೀಲದ ಜಿಪ್ ಕಿತ್ತುಹೋಗಿದೆ ಎಂದು ಕೆಳಗಿಳಿದು ಬಂದಳು. ಗೋಡೆಯ ಮೊಳೆಗಳಿಗೆ ನೀಲಿ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಯಾರದ್ದು ಎಂದು ಕೇಳಿದಳು. ರೇಡಿಯೊ ಹೋಟೆಲು, ಸಮುದ್ರ, ಮ್ಯಾನೇಜರ್, ಶನಿವಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೇಡಂ ಮುಖದ ನಗು ಹಾಗೇ ನಿಂತಿತು. ಮತ್ತೆ ಪ್ರಶ್ನೆಗಳು ಶುರುವಾದವು. ಹೋಟೆಲಿನ ಹೆಸರು? ಇನ್ನೂ ಬೋರ್ಡು ಹಾಕಿಲ್ಲವಂತೆ. ನೇಮಕದ ಪತ್ರ? ಅಲ್ಲಿಗೆ ಹೋದಮೇಲೆ. ಹೋಟೆಲಿಗೆ ಫೋನು? ಮಾಡಿದ್ದೇವೆ, ಹೆಂಗಸೊಬ್ಬಳು ಬಹಳ ಮರ್ಯಾದೆಯಿಂದ ಮಾತಾಡಿದಳು. ಆ ನಂಬರು ಕೊಟ್ಟವರು ಯಾರು? ಮ್ಯಾನೇಜರೇ.

ಅವನೇ ಕೊಟ್ಟ ನಂಬರಿಗೆ ಅವನ ಕಡೆಯವರಲ್ಲದೆ ಇನ್ಯಾರು ಉತ್ತರ ಕೊಡುತ್ತಾರೆ ಎಂದಳು ಮೇಡಂ. ಆಮೇಲೆ ತಡೆದು ತಡೆದು ಇನ್ನೊಂದು ಮಾತು ಹೇಳಿದಳು. ಗಲ್ಲಿಯ ಹೆಂಗಸರನ್ನು ತಾನು ‘ಇಲ್ಲಿಗೆ ಯಾಕೆ ಬಂದಿರಿ’ ಎಂದು ಕೇಳುವುದಿಲ್ಲ, ‘ಯಾವ ಗಳಿಗೆಯಲ್ಲಿ ನಂಬಿದಿರಿ’ ಎಂದು ಕೇಳುತ್ತೇನೆ. ಅವನು ನಮ್ಮ ಮನೆಯಲ್ಲಿ ಉಂಡಾಗ ಎಂದಳು ಒಬ್ಬಳು. ನನ್ನ ಅಕ್ಕನನ್ನು ಬೇಡವೆಂದಾಗ ಎಂದಳು ಇನ್ನೊಬ್ಬಳು. ಯೂನಿಫಾರಮ್ಮಿಗೆ ಅಳತೆ ಕೊಟ್ಟಾಗ ಎಂದವರೂ ಇದ್ದಾರೆ.

ಟೈಲರಕ್ಕನ ಯಂತ್ರ ನಿಂತಿತು.

"ಅಂದ್ರೆ ಏನು ಮೇಡಂ ನಿಮ್ಮ ಮಾತು? ನಾನು ದಲ್ಲಾಳಿ ಅಂತಾನಾ?"

"ಅಲ್ಲಕ್ಕ. ಅವನು ನಿಮ್ಮ ಹೆಸರನ್ನ ಬಾಡಿಗೆಗೆ ತಗೊಂಡಿರಬಹುದು ಅಂತ."

"ನಮ್ಮ ಮನೆ ಮಗು ಹೋಗ್ತಿರೋ ಕೆಲಸ ಇದು. ಆ ಗಲ್ಲಿ ಸುದ್ದಿ ತಂದು ನಮ್ಮ ಹುಡುಗಿ ಪಕ್ಕ ಇಡಬೇಡಿ. ಚೀಲ ಬಿಟ್ಟು ಹೋಗಿ, ನಾಳೆ ಕೊಡ್ತೀನಿ."

ಮೇಡಂ ವಾದ ಮಾಡದೆ ಮೆಟ್ಟಿಲು ಹತ್ತಿದಳು. ಸಂಜೆ ನಾದಿನಿ ಬಂದಾಗ ಟೈಲರಕ್ಕ ನಡೆದದ್ದನ್ನು ತಮಾಷೆಯೆಂಬಂತೆ ಹೇಳಿದಳು. ನಾದಿನಿ ನಗಲಿಲ್ಲ, ಉರಿದುಬಿದ್ದಳು. ಓದಿ ಓದಿ ಅವಳಿಗೆ ಗಂಡಸರೆಲ್ಲ ಕಳ್ಳರಾಗಿ ಕಾಣುತ್ತಾರೆ ಎಂದಳು. ತಾನು ಆಸ್ಪತ್ರೆಯ ವಾಂತಿ ರಕ್ತ ಒರೆಸಿ ಒರೆಸಿ ಕೈ ಸುಟ್ಟುಕೊಂಡಿದ್ದೇನೆ, ಮಗಳಾದರೂ ತಂಪಾದ ಕೋಣೆಯಲ್ಲಿ ನಿಂತು ದುಡಿಯಲಿ ಅಂದರೆ ಅದಕ್ಕೂ ಕಲ್ಲು ಹಾಕುತ್ತಾರಲ್ಲ ಎಂದಳು. ಅವಳ ಅಂಗೈಯ ಚರ್ಮ ಫಿನಾಯಿಲಿಗೆ ಸುಲಿದು ಬಿಳಿಚಿಕೊಂಡಿತ್ತು. ಟೈಲರಕ್ಕ ತಲೆಯಾಡಿಸಿ ಮಾತನ್ನು ಅಲ್ಲಿಗೇ ಬಿಟ್ಟಳು.

ಆದರೆ ಮರುದಿನ ಕೋಟುಗಳಿಗೆ ಕೊನೆಯ ಹೊಲಿಗೆ ಹಾಕಲು ಕೂತರೆ ಕೈ ಓಡಲಿಲ್ಲ. ರೇಡಿಯೊಳನ್ನು ಕರೆದು ಅವಳ ಕೋಟು ತೊಡಿಸಿದಳು. ಕನ್ನಡಿ ಮುಂದೆ ಹುಡುಗಿ ಗಗನಸಖಿಯ ಹಾಗೆ ತಿರುಗಿದಳು. ಕೈ ಮೇಲೆತ್ತು ಎಂದಳು ಟೈಲರಕ್ಕ. ಎತ್ತಿದಳು. ಕಂಕುಳ ಹೊಲಿಗೆ ಟರ್ರೆಂದಿತು.

"ಅತ್ತೆ, ಇದರಲ್ಲಿ ಹಾಸಿಗೆ ಹಾಸೋಕಾಗಲ್ಲ. ಬರೀ ನಿಂತ್ಕೊಂಡಿರಬೇಕು ಅಷ್ಟೆ."

ಹುಡುಗಿ ನಗುತ್ತಲೇ ಹೇಳಿದ ಮಾತು. ಟೈಲರಕ್ಕ ಕೋಟು ಬಿಚ್ಚಿಸಿದಳು. ತನಗೆ ಮೊದಲ ದಿನವೇ ಇದು ಗೊತ್ತಿತ್ತು ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಆಡಿತು. ಜಿಪ್ ಹಾಕಿದ ಚೀಲ ಹಿಡಿದು ಮಹಡಿ ಹತ್ತಿದಳು.

ಮೇಡಂ ಕೋಣೆಯಲ್ಲಿ ಪುಸ್ತಕಗಳೇ ಹಾಸಿಗೆ, ಪುಸ್ತಕಗಳೇ ದಿಂಬು. ಕೂರಲು ಜಾಗ ಮಾಡಿಕೊಟ್ಟಳು. ಅವನು ಕಳ್ಳನೆಂದು ನಿಮಗೆ ಖಾತ್ರಿಯೇ ಎಂದು ಟೈಲರಕ್ಕ ನೇರವಾಗಿ ಕೇಳಿದಳು. ಇಲ್ಲ ಎಂದಳು ಮೇಡಂ. ಒಳ್ಳೆಯವನೂ ಆಗಿರಬಹುದು. ಮುಖ ನೋಡಿ ಹೇಳಲು ತನಗೂ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಕೆಟ್ಟವನು ಕೆಟ್ಟವನಂತೆ ಕಾಣುವುದಿದ್ದರೆ ಆ ಗಲ್ಲಿ ಎಂದೋ ಖಾಲಿಯಾಗಿರುತ್ತಿತ್ತು.

"ಹಾಗಾದ್ರೆ ಹೆಣ್ಣುಮಕ್ಕಳನ್ನ ಮನೇಲೇ ಕೂಡಿಹಾಕ್ಕೊಂಡು ಇರಬೇಕಾ ಮೇಡಂ?"

ಅಲ್ಲಿಯವರೆಗೆ ಮೆಲ್ಲಗೆ ಮಾತಾಡುತ್ತಿದ್ದವಳ ದನಿ ಗಡುಸಾಯಿತು.

"ಕೂಡಿಹಾಕೋದನ್ನೇ ಅಕ್ಕ ಅವರೂ ಮಾಡೋದು. ಹುಡುಗಿ ಕೆಲಸಕ್ಕೆ ಹೋಗ್ಲಿ. ದೂರಾನೇ ಹೋಗ್ಲಿ. ದುಡೀಬೇಕು ಅನ್ನೋದು ಅವಳ ತಪ್ಪಲ್ಲ. ಆ ಆಸೆಯನ್ನ ಮಾರ್ಕೊಳ್ಳೋನದು ತಪ್ಪು."

ಆಮೇಲೆ ಅವಳು ಪುಸ್ತಕದ ಭಾಷೆ ಬಿಟ್ಟು ವಿವರಿಸಿದಳು. ಅವನನ್ನು ನೀನು ಒಳ್ಳೆಯವನಾ ಎಂದು ಕೇಳಬೇಡಿ, ಹೌದು ಎನ್ನುತ್ತಾನೆ. ಒಳ್ಳೆಯವನಿಗೆ ಕೊಡಲು ಏನೂ ನಷ್ಟವಿಲ್ಲದಂಥದ್ದನ್ನು ಕೇಳಿ. ಕೆಲಸದ ಜಾಗದ ವಿಳಾಸ ಕೇಳಿ. ಮನೆಯವರೊಬ್ಬರು ಜೊತೆಗೆ ಬಂದು ಕೆಲಸವನ್ನೂ ಮಲಗುವ ಜಾಗವನ್ನೂ ನೋಡುತ್ತೇವೆ ಎನ್ನಿ. ಗುರುತಿನ ಚೀಟಿ, ಫೋನು ಹುಡುಗಿಯ ಹತ್ತಿರವೇ ಇರುತ್ತದೆ ಎನ್ನಿ. ನಿಜವಾದ ಕೆಲಸ ಕೊಡುವವನು ಇದಕ್ಕೆಲ್ಲ ಬನ್ನಿ, ನೋಡಿ ಎನ್ನುತ್ತಾನೆ.

ಇದನ್ನು ಹೇಗೆ ಕೇಳುವುದೆಂದು ಟೈಲರಕ್ಕನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವಳ ಕಸುಬಿನಲ್ಲೇ ದಾರಿಯಿತ್ತು.

ಹೊರಡುವ ಹಿಂದಿನ ದಿನ ಮ್ಯಾನೇಜರ್ ಕೋಟುಗಳಿಗಾಗಿ ಬಂದ. ನಾದಿನಿ ಅಂದು ರಜೆ ಹಾಕಿ ಬಂದಿದ್ದಳು, ಮಗಳನ್ನು ಅವನ ಕೈಯಲ್ಲಿಟ್ಟು ನಾಲ್ಕು ಮಾತು ಹೇಳಲು. ರೇಡಿಯೊ ಇಸ್ತ್ರಿ ಪೆಟ್ಟಿಗೆಯ ಮುಂದಿದ್ದಳು. ಟೈಲರಕ್ಕ ಎಂದಿನಂತೆ ನೀರು ಕೊಟ್ಟಳು. ಕೋಟುಗಳನ್ನು ಮಾತ್ರ ಮೊಳೆಯಿಂದ ಇಳಿಸಲಿಲ್ಲ.

"ಕೋಟು ರೆಡಿ ಸಾರ್. ಆದ್ರೆ ಟ್ರಯಲ್ ನೋಡದೆ ಕೊಡಲ್ಲ. ನಾನೂ ನಾಳೆ ಜೊತೆಗೆ ಬಂದು, ಅಲ್ಲೇ ಹುಡುಗೀರಿಗೆ ತೊಡಿಸಿ ನೋಡಿ, ಬಿಗಿ ಸಡಿಲ ಸರಿಮಾಡಿ ಕೊಟ್ಟು ಬರ್ತೀನಿ. ನನ್ನ ಖರ್ಚು ನಂದು."

ಮ್ಯಾನೇಜರ್ ನಕ್ಕ. ನಿಮಗ್ಯಾಕೆ ತೊಂದರೆ ಎಂದ. ತೊಂದರೆಯಿಲ್ಲ, ಕೆಲಸ ಕೆಟ್ಟರೆ ನನ್ನ ಹೆಸರೇ ಕೆಡುವುದು ಎಂದಳು ಅವಳು. ಹೋಟೆಲಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ ಎಂದ. ಗೇಟಿನ ಹತ್ತಿರ ನಿಲ್ಲುತ್ತೇನೆ, ಹುಡುಗಿಯರು ತೊಟ್ಟುಕೊಂಡು ಹೊರಗೆ ಬಂದು ತೋರಿಸಲಿ ಎಂದಳು. ಉಳಿಯಲು ಜಾಗವಿಲ್ಲ ಎಂದ. ಬಂದ ಬಸ್ಸಿಗೇ ವಾಪಸು ಎಂದಳು. ವಿಳಾಸ ಹೇಳಿ, ನಾನೇ ಹಿಂದಿನಿಂದ ಬರುತ್ತೇನೆ ಎಂದಳು. ಅವನು ಮೊದಲ ಸಲ ನೆಲ ಬಿಟ್ಟು ಅವಳ ಮುಖ ನೋಡಿದ.

ನಂಬಿಕೆಯಿಲ್ಲದಿದ್ದರೆ ಬಿಡಿ, ಈ ಕೆಲಸಕ್ಕೆ ಬೇರೆ ಕಡೆ ಹುಡುಗಿಯರು ಸಾಲುಗಟ್ಟಿ ನಿಂತಿದ್ದಾರೆ ಎಂದ. ನಾದಿನಿ ಗಾಬರಿಯಾಗಿ ಅತ್ತಿಗೆಯ ತೋಳು ಚಿವುಟಿದಳು. ಬಂದ ಭಾಗ್ಯವನ್ನು ಒದೆಯುತ್ತಿದ್ದಾಳಲ್ಲ ಎಂಬ ಸಂಕಟ ಅವಳ ಉಗುರಿನಲ್ಲಿತ್ತು. ಟೈಲರಕ್ಕನಿಗೂ ಅಳುಕಿತ್ತು. ಅವನು ಒಳ್ಳೆಯವನೇ ಆಗಿದ್ದರೆ ಈ ಬೀದಿ ತನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ.

"ಹಾಗಿದ್ರೆ ಕೋಟು ಕೊಡೋಕಾಗಲ್ಲ ಸಾರ್," ಎಂದಳು.

"ಕೋಟು ನಿಮ್ಮ ಹತ್ರಾನೇ ಇಟ್ಕೊಳಿ. ಹುಡುಗೀರನ್ನ ಮಾತ್ರ ನಾಳೆ ಸರಿಯಾದ ಟೈಮಿಗೆ ಬಸ್ ಸ್ಟ್ಯಾಂಡಿಗೆ ಕಳಿಸಿ."

ನಾದಿನಿಯ ಬೆರಳು ಅತ್ತಿಗೆಯ ತೋಳಿನಿಂದ ತಾನಾಗಿ ಸಡಿಲವಾಯಿತು. ರೇಡಿಯೊ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಕೋಟಿಲ್ಲದೆ ನಾವು ಅಲ್ಲಿ ಏನು ಕೆಲಸ ಮಾಡ್ತೀವಿ ಸಾರ್?"

ಸಣ್ಣ ಪ್ರಶ್ನೆ. ಅವನು ಫೋನು ಬಂದವನ ಹಾಗೆ ಅದನ್ನು ಕಿವಿಗೆ ಹಿಡಿದುಕೊಂಡು ಹೊರಗೆ ಹೋದ. ಹೋದವನು ತಿರುಗಿ ಬರಲಿಲ್ಲ.

ಇಷ್ಟಕ್ಕೆ ಕಥೆ ಮುಗಿದರೆ ನಮ್ಮ ಮನೆಯ ಮಗು ಉಳಿಯಿತು ಎಂದು ಬಾಗಿಲು ಹಾಕಿಕೊಂಡಂತಾಗುತ್ತದೆ. ಟೈಲರಕ್ಕ ಬಾಗಿಲು ಹಾಕಲಿಲ್ಲ. ಅಳತೆ ಕೊಟ್ಟ ಹುಡುಗಿಯರ ಮನೆಗಳಿಗೆಲ್ಲ ಆ ಸಂಜೆಯೇ ನಡೆದಳು. ಕೆಲವರು ಕೈ ಮುಗಿದರು. ಒಂದು ಮನೆಯಲ್ಲಿ, ನಿನ್ನ ನಾದಿನಿ ಮಗಳಿಗೆ ತಪ್ಪಿತು ಅಂತ ನಮಗೂ ತಪ್ಪಿಸೋಕೆ ಬಂದೆಯಾ ಎಂದು ಬೈದರು. ಬೈಸಿಕೊಂಡೇ ಜಗಲಿಯ ಮೇಲೆ ಕೂತಳು. ಅವನಿಗೆ ನೀವೇ ಫೋನು ಮಾಡಿ, ನಾವೂ ಜೊತೆಗೆ ಬರ್ತೀವಿ ಅನ್ನಿ, ಏನಂತಾನೋ ಕೇಳಿ ಎಂದಳು. ಮಾಡಿದರು. ಮಾತು ಮುಗಿಯುವ ಮೊದಲೇ ಅವನು ಫೋನು ಇಟ್ಟ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಆಮೇಲೆ ಟೈಲರಕ್ಕ ನಾದಿನಿ, ಮೇಡಂ ಇಬ್ಬರನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದಳು. ಅಲ್ಲಿ ಮೊದಲು ಸಿಕ್ಕ ಪೇದೆ, ಏನೂ ನಡೆದೇ ಇಲ್ಲವಲ್ಲ, ಏನಂತ ದೂರು ಬರೆದುಕೊಳ್ಳಲಿ ಎಂದು ಪೇಪರು ಮಡಿಸಿದ. ನಡೆದಮೇಲೆ ಬಂದರೆ ಯಾಕೆ ಮೊದಲೇ ಬರಲಿಲ್ಲ ಅಂತೀರಿ, ಮೊದಲೇ ಬಂದರೆ ಏನೂ ನಡೆದಿಲ್ಲ ಅಂತೀರಿ, ನಾವು ಬರೋಕೆ ಸರಿಯಾದ ಹೊತ್ತು ಯಾವುದು ನೀವೇ ಹೇಳಿ ಎಂದಳು ನಾದಿನಿ. ಸುಲಿದ ಅಂಗೈಯನ್ನು ಅವನ ಮೇಜಿನ ಮೇಲೆ ಊರಿ ನಿಂತಿದ್ದಳು. ಮಾರಲು ಸಾಗಿಸುವ ಪ್ರಯತ್ನವೂ ಅಪರಾಧವೇ ಎಂದು ಮೇಡಂ ಪಕ್ಕದಿಂದ ಹೇಳಿದಳು. ಒಳಗಿದ್ದ ಮಹಿಳಾ ಅಧಿಕಾರಿ ಎದ್ದು ಬಂದು ಅವರನ್ನು ಕೂರಿಸಿ ದೂರು ಬರೆಸಿಕೊಂಡಳು. ಅವನ ಫೋನ್ ನಂಬರು ಇತರ ಠಾಣೆಗಳಿಗೂ ಹೋಯಿತು.

ಅವನು ಬೇಗ ಸಿಗಲಿಲ್ಲ. ಸಿಕ್ಕಿದ್ದು ಆ ನಂಬರಿನ ಜಾಡಿನಲ್ಲಿ, ಹೊರಗಿನಿಂದ ಚಿಲಕ ಹಾಕಿದ ಒಂದು ಮನೆ. ಅವನು ಬೇರೊಂದು ಬಡಾವಣೆಯಿಂದ ಮೊದಲೇ ಸಾಗಿಸಿದ್ದ ಹುಡುಗಿಯರಲ್ಲಿ ಕೆಲವರು ಅಲ್ಲಿದ್ದರು. ಎಲ್ಲರೂ ಇರಲಿಲ್ಲ. ವಾಪಸು ಬಂದವರಲ್ಲಿ ಒಬ್ಬಳು, ಕೆಲಸ ಕಲಿಯಬೇಕೆಂದು ಮೇಡಂ ಜೊತೆ ಟೈಲರಕ್ಕನ ಅಂಗಡಿಗೆ ಬಂದಳು. ಅವಳು ಹೊರಟ ಮೇಲೆ ನಾದಿನಿಯ ಬಾಯಿಂದ ಹಳೆಯ ಮಾತೇ ಬಂತು.

"ಅಲ್ಲ, ಆ ಹುಡುಗಿ ಅವನ ಹಿಂದೆ ಯಾಕಾದ್ರೂ ಹೋದಳೋ."

"ನಾನು ಯಾಕೆ ಹೊರಟಿದ್ದೆನೋ ಅದಕ್ಕೇ ಅಮ್ಮ," ಎಂದಳು ರೇಡಿಯೊ.

ಯಾವಾಗಲೂ ಬಡಬಡಿಸುವವಳು ಅಷ್ಟೇ ಹೇಳಿ ಗುಂಡಿ ಹಾಕತೊಡಗಿದಳು. ಮರುದಿನ ಆ ಹುಡುಗಿ ಬಂದಾಗ ನಾದಿನಿ ಎರಡನೆಯ ಯಂತ್ರದ ಮುಂದಿನ ಸ್ಟೂಲನ್ನು ತಾನೇ ಒರೆಸಿ ಕೊಟ್ಟಳು.

ಕೆಲವು ತಿಂಗಳಾದ ಮೇಲೆ ರೇಡಿಯೊ ದೂರದೂರಿನ ಔಷಧಿ ಕಾರ್ಖಾನೆಯೊಂದರ ಪ್ಯಾಕಿಂಗ್ ಕೆಲಸಕ್ಕೆ ಹೋದಳು. ಹೌದು, ಹೋದಳು. ತಾಯಿ, ಅತ್ತೆ ಇಬ್ಬರೂ ಜೊತೆಗೆ ಹೋಗಿ ಕೆಲಸದ ಜಾಗ ನೋಡಿದರು, ಅಲ್ಲಿ ಮೊದಲಿನಿಂದ ದುಡಿಯುತ್ತಿರುವ ಹೆಂಗಸರೊಡನೆ ಮಾತಾಡಿದರು. ಹಾಸ್ಟೆಲಿನ ಕೋಣೆಗೂ ಹೋದರು. ಟೈಲರಕ್ಕ ಬಾಗಿಲಿನ ಚಿಲಕ ಯಾವ ಕಡೆಗಿದೆ ಎಂದು ನೋಡಿದಳು. ಒಳಗಡೆ ಇತ್ತು. ಒಮ್ಮೆ ಹಾಕಿ ತೆಗೆದು ನೋಡಿ, ಆಮೇಲೆ ಹುಡುಗಿಯ ಚೀಲ ಕೆಳಗಿಳಿಸಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ಒಬ್ಬ ಮ್ಯಾನೇಜರ್ ಬರುತ್ತಾನೆ. ಅವನು ಗಂಡಸೇ ಆಗಿರಬೇಕೆಂದಿಲ್ಲ. ಹೊರಗಿನವನೇ ಆಗಿರಬೇಕೆಂದೂ ಇಲ್ಲ, ನಿಮ್ಮ ನೆಂಟನೇ ಆಗಿರಬಹುದು. ನಿಮ್ಮ ನಡುವೆ ಯಾರನ್ನು ಎಲ್ಲರೂ ನಂಬುತ್ತಾರೋ ಅವರ ಮನೆಗೇ ಮೊದಲು ಹೋಗುತ್ತಾನೆ. ಆ ನಂಬಿಕೆಯ ಮನುಷ್ಯ ನೀವೇ ಆಗಿದ್ದರೆ, ಗೊತ್ತಿಲ್ಲದ ಕೆಲಸಕ್ಕೆ ನಿಮ್ಮ ಹೆಸರು ಕೊಡಬೇಡಿ. ವಿಳಾಸ ಕೇಳಿ, ಜೊತೆಗೆ ಹೋಗಿ, ನೋಡಿ. ಫೋನು, ಗುರುತಿನ ಚೀಟಿ ಹುಡುಗಿಯ ಕೈಯಲ್ಲೇ ಇರಲಿ. ಅನುಮಾನ ಬಂದರೆ ಸಹಾಯವಾಣಿಗೆ, ಠಾಣೆಗೆ ಆ ದಿನವೇ ತಿಳಿಸಿ. ಮನೆಯ ಹುಡುಗಿ ಕಾಣೆಯಾದರೆ ಮರ್ಯಾದೆಗೆ ಹೆದರಿ ಮುಚ್ಚಿಡಬೇಡಿ. ನೀವು ಮುಚ್ಚಿಟ್ಟ ಪ್ರತಿ ದಿನವೂ ಮಾರುವವನ ದಿನ.

ತಿರುಗಿ ಬಂದವಳನ್ನು ಯಾಕೆ ಹೋದೆ ಎಂದು ಕೇಳಬೇಡಿ. ಮಾರಿದವನು ಯಾರು, ಕೊಂಡವನು ಯಾರು ಎಂದು ಕೇಳಿ, ಜೋರಾಗಿ ಕೇಳಿ.

ಹೆಣ್ಣುಮಕ್ಕಳು ದುಡಿಯಲು ಹೋಗಲಿ, ಎಷ್ಟು ದೂರವಾದರೂ ಹೋಗಲಿ. ಕಳಿಸುವ ಮೊದಲು ನೀವೇ ಹೋಗಿ ಆ ಬಾಗಿಲನ್ನು ಮುಟ್ಟಿ ನೋಡಿ. ಚಿಲಕ ಹೊರಗಡೆ ಇದ್ದರೆ ಅದು ಕೆಲಸವಲ್ಲ.